ಬಿಟ್ಟ ಪಾವು

ನಾನು ಅವರ ಜೊತೆ ಮೊದಲ ಸಲ ಮಾತಾಡಿದ್ದೇ ಬೈಯಲಿಕ್ಕೆ. ಪ್ರೀತಿಗೀತಿ ಎಲ್ಲ ಆಮೇಲಿನ ಮಾತು.

ಅವತ್ತು ಸೋಮವಾರ, ಗದಗದಿಂದ ಶಿರಹಟ್ಟಿಗೆ ಹೋಗುವ ಬೆಳಗಿನ ಬಸ್ಸು. ನನ್ನ ಹೆಸರು ಶೈಲಾ, ಊರು ಬೆಟಗೇರಿ, ಕಸೂತಿ ಹಾಕುವುದು ನನ್ನ ಕೆಲಸ. ಸೋಮವಾರ ಮತ್ತು ಗುರುವಾರ ಶಿರಹಟ್ಟಿಯ ಹೆಣ್ಣುಮಕ್ಕಳ ಸಂಘವೊಂದಕ್ಕೆ ಕಲಿಸಲು ಹೋಗುತ್ತೇನೆ. ಅವತ್ತು ತೊಡೆಯ ಮೇಲೆ ಒಂದು ತುಂಡು ಬಟ್ಟೆ ಹಾಸಿಕೊಂಡು ಎಳೆ ಎಣಿಸುತ್ತ ಹೊಲಿಗೆ ಹಾಕುತ್ತಿದ್ದೆ. ಆಚೆ ಸಾಲಿನ ಸೀಟಿನಲ್ಲಿದ್ದ ಒಬ್ಬ ಮನುಷ್ಯ ಒಂದೇ ಸಮ ನನ್ನ ಕಡೆ ನೋಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ಕೈಯಲ್ಲಿ ಟಿಫಿನ್ ಡಬ್ಬಿ. ನೋಡಲಿಕ್ಕೆ ಸಭ್ಯ. ಸಭ್ಯರ ಹಾಗೆ ಕಾಣುವವರ ಮೇಲೆಯೇ ನನಗೆ ಸಿಟ್ಟು ಹೆಚ್ಚು. ಸೊರಟೂರ ದಾಟುವವರೆಗೆ ತಡೆದುಕೊಂಡೆ.

“ಏನ್ರೀ, ಮನ್ಯಾಗ ಅಕ್ಕ ತಂಗಿ ಯಾರೂ ಇಲ್ಲೇನು? ಆವಾಗಿಂದ ಏನ್ ನೋಡಾಕತ್ತೀರಿ?”

ಇಡೀ ಬಸ್ಸು ತಿರುಗಿತು. ಆ ಮನುಷ್ಯನ ಕಿವಿ ಕೆಂಪಗಾದವು.

“ನೋಡಾಕತ್ತಿಲ್ರಿ. ಎಣಸಾಕತ್ತಿದ್ದೆ.”

“ಏನನ್ನ ಎಣಸಾಕತ್ತಿದ್ರಿ?”

“ನಿಮ್ಮ ಹೊಲಿಗಿ. ಒಂದು, ಎರಡು, ನಾಕು, ಆರು, ಒಂಬತ್ತು, ಹನ್ನೆರಡು. ಮುಂದ ಹದಿನಾರು ಬರತೈತೇನು ಅಂತ ಕಾಯಾಕತ್ತಿದ್ದೆ. ನಾ ಲೆಕ್ಕದ ಮಾಸ್ತರ ಅದೀನ್ರಿ.”

“ಮಾಸ್ತರ ಅಂದ್ರ ಬಿಡವ್ವಾ ಪಾಪ,” ಅಂದ ಕಂಡಕ್ಟರ್. “ಹುಡುಗರ ಕಾಟಕ್ಕ ಹಿಂಗಾಗಿರಬೇಕು.” ಬಸ್ಸಿನವರೆಲ್ಲ ನಕ್ಕರು.

ನಾನು ಮುಖ ತಿರುಗಿಸಿಕೊಂಡು ಬಟ್ಟೆ ನೋಡಿದೆ. ಮನೆ ಮನೆಯಾಗಿ ಬೆಳೆಯುವ ಒಂದು ಅಂಚು ಅದು. ಮೊದಲು ಒಂದು ಮನೆ, ಅಂದರೆ ಒಂದು ಚೌಕ. ಅದರ ಮಗ್ಗುಲಿಗೆ ಇನ್ನೊಂದು ಕೂಡಿಸಿದರೆ ಎರಡು. ಕೆಳಗೊಂದು ಸಾಲು ಕೂಡಿಸಿದರೆ ನಾಲ್ಕು. ಮತ್ತೆ ಮಗ್ಗುಲಿಗೆ ಒಂದು ಸಾಲು, ಆರು. ಮತ್ತೆ ಕೆಳಗೆ, ಒಂಬತ್ತು. ಒಮ್ಮೆ ಮಗ್ಗುಲಿಗೆ, ಒಮ್ಮೆ ಕೆಳಗೆ, ನನಗೆ ಗೊತ್ತಿದ್ದದ್ದು ಅಷ್ಟೇ. ಒಟ್ಟು ಎಷ್ಟಾಯಿತು ಎಂದು ನಾನು ಯಾವತ್ತೂ ನೋಡಿದವಳಲ್ಲ. ಮುಂದಿನ ಸಾಲನ್ನು ಬೆರಳಲ್ಲೇ ಅಳೆದು ಎಣಿಸಿದೆ. ಹದಿನಾರೇ ಬಂತು. ಅಯ್ಯ ನನ್ನ ಕರ್ಮವೇ ಅನ್ನಿಸಿತು.

ಗುರುವಾರ ಅದೇ ಬಸ್ಸಿನಲ್ಲಿ ಮತ್ತೆ ಬಂದಿದ್ದರು. ಹೆಸರು ವೀರು, ಊರು ಲಕ್ಷ್ಮೇಶ್ವರ, ಕೆಲಸ ಶಿರಹಟ್ಟಿಯ ಒಂದು ಕಾಲೇಜಿನಲ್ಲಿ. ಅದರ ಮುಂದಿನ ಸೋಮವಾರವೂ ಬಂದರು, ಗುರುವಾರವೂ ಬಂದರು. ಮೂರನೆಯ ವಾರ ನನ್ನ ತಲೆಗೆ ಹೊಳೆಯಿತು.

“ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಸೀದಾ ಬಸ್ ಅದಾವು. ನೀವು ಗದಗಿನ ಮ್ಯಾಲೆ ಯಾಕ ಬರ್ತೀರಿ?”

ಅವರು ಟಿಫಿನ್ ಡಬ್ಬಿಯ ಮುಚ್ಚಳ ತಿರುವುತ್ತ ಕೂತರು.

“ಮೊದಲನೇ ಸೋಮವಾರ ಖರೇನ ಗದಗದಾಗ ಕೆಲಸ ಇತ್ರಿ.”

“ಉಳಿದ ದಿನ?”

“ಉಳಿದ ದಿನ ಕೆಲಸ ಈ ಬಸ್ಸಿನ್ಯಾಗ ಇರತೈತ್ರಿ.”

ನಾನು ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡೆ. ನಗುವಿನ ಹಿಂದೆಯೇ ಅಂಜಿಕೆ ಬಂತು. ಅವತ್ತಿನಿಂದ ಪ್ರತಿ ಸ್ಟಾಪಿನಲ್ಲಿ ಬಾಗಿಲ ಕಡೆ ನೋಡುವುದು ನನಗೆ ರೂಢಿಯಾಯಿತು. ಬೆಟಗೇರಿಯವರು ಯಾರಾದರೂ ಹತ್ತಿದರೆ? ಅಪ್ಪನ ಗುರುತಿನವರು ಕಂಡರೆ? ಯಾರೇ ಹತ್ತಿದರೂ ನನ್ನ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಅವರು ನನ್ನ ಕಸೂತಿಯ ಲೆಕ್ಕ ಬಿಡಿಸಿ ಹೇಳಿದ್ದು ಆ ದಿನಗಳಲ್ಲೇ.

“ಯಾವ ಅಂಕಿ ಬೇಕಾದ್ರೂ ತೊಗೋರಿ. ಅದನ್ನ ಅದರಿಂದಾನ ಗುಣಿಸ್ರಿ. ಬಂದಿದ್ದನ್ನ ನಾಕು ಪಾಲು ಮಾಡಿ ಒಂದು ಪಾಲು ಇಟ್ಕೋರಿ. ಚಿಲ್ಲರೆ ಉಳಿದರ ಬಿಟ್ಟುಬಿಡ್ರಿ. ಈಗ ಮೂರು ತೊಗೋರಿ. ಮೂರು ಮೂರ್ಲೆ ಒಂಬತ್ತು, ಅದರ ಪಾವು ಎರಡೂಕಾಲು.” ಕಾಲುಭಾಗಕ್ಕೆ ನಮ್ಮ ಕಡೆ ಪಾವು ಅನ್ನುತ್ತಾರೆ. “ಮ್ಯಾಲಿನ ಪಾವು ಬಿಟ್ಟರ ಎರಡು. ನಾಕು ನಾಕ್ಲೆ ಹದಿನಾರು, ಅದರ ಪಾವು ನಾಕು. ಐದು ಐದ್ಲೆ ಇಪ್ಪತ್ತೈದು, ಅದರ ಪಾವು ಆರೂಕಾಲು, ಬಿಟ್ಟರ ಆರು. ನಿಮ್ಮ ಹೊಲಿಗೀನ ಬಂತು ನೋಡ್ರಿ.”

“ಒಂದು ತೊಗೊಂಡ್ರ?”

“ಒಂದು ಒಂದ್ಲೆ ಒಂದು. ಅದರಾಗ ಬರೂದ ಪಾವು. ಅದನ್ನೂ ಬಿಟ್ಟರ ಏನೂ ಇಲ್ಲ, ಸೊನ್ನಿ.”

“ಎರಡು?”

“ಎರಡಕ್ಕ ಒಂದು ಬರತೈತಿ.” ಕಿಟಕಿಯ ಆಚೆ ಹೊಲ ನೋಡುತ್ತ ಹೇಳಿದರು, “ಒಬ್ಬರ ಇದ್ದರ ಏನೂ ಇಲ್ರಿ. ಇಬ್ಬರಾದ್ರ ಒಂದು.”

ಹೇಳಿ ತಾವೇ ಗಾಬರಿಯಾದರು. ಊರು ಇನ್ನೂ ದೂರ ಇರುವಾಗಲೇ ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ಇಳಿಯುವವರೆಗೆ ಹಿಂದೆ ತಿರುಗಲಿಲ್ಲ. ನನಗೆ ಅವತ್ತು ಸಂಘದಲ್ಲಿ ಏನು ಕಲಿಸಿದೆ ಎಂಬುದೇ ನೆನಪಿಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ಗುರುವಾರ ನಾನು ಅಳುಮುಖ ಮಾಡಿಕೊಂಡು ಬಸ್ಸು ಹತ್ತಿದೆ.

“ನಮ್ಮಪ್ಪ ಮುಂಡರಗಿಯವರಿಗೆ ಮಾತು ಕೊಡಾಕತ್ಯಾರ. ಈ ತಿಂಗಳದಾಗ ಬ್ಯಾರೆ ಯಾವ ಸಂಬಂಧಾನೂ ಕೂಡಲಿಲ್ಲಂದ್ರ ಅದ ಗಟ್ಟಿ. ನೀವು ಜಲ್ದಿ ಏನರೆ ಮಾಡ್ರಿ.”

ವೀರು ಅವರ ಮುಖದ ಬಣ್ಣ ಇಳಿಯಿತು. ಆಗ ನನಗೆ ಅವರ ಆಯಿಯ ವಿಷಯ ಪೂರ್ತಿ ಗೊತ್ತಾಯಿತು. ಆಯಿ ಗುರುಸಿದ್ದವ್ವ ಎಂದರೆ ಅವರ ಅಪ್ಪನ ತಾಯಿ. ಗಂಡ ತೀರಿದ ಮೇಲೆ ಲಕ್ಷ್ಮೇಶ್ವರದ ಪೇಟೆಯಲ್ಲಿ ನಲವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದಾಕೆ. ಆ ಮನೆಯಲ್ಲಿ ಆಕೆಯ ಮಾತು ಮೀರಿ ಒಲೆಯೂ ಹೊತ್ತುವುದಿಲ್ಲ. ಆಕೆಯ ಹಿರಿಯ ಮಗ, ವೀರು ಅವರ ದೊಡ್ಡಪ್ಪ, ತಾನೇ ಮೆಚ್ಚಿದವಳನ್ನು ಮದುವೆಯಾಗಿ ಹುಬ್ಬಳ್ಳಿಗೆ ಹೋದ. ಹನ್ನೆರಡು ವರ್ಷ ಆಯಿತು, ಆಯಿ ಅವನ ಹೆಸರು ಎತ್ತಿಲ್ಲ.

“ನಾವು ಮೊದಲ ನೋಡಿಕೊಂಡೀವಿ ಅಂತ ಗೊತ್ತಾದ್ರ ಮುಗೀತು,” ಅಂದರು. “ಬಳೆಗಾರ ತಿಪ್ಪವ್ವನ ಕಡಿಂದ ಹೇಳಿ ಕಳಸ್ತೀನಿ. ಕನ್ಯಾ ನೋಡಾಕ ಬಂದಂಗ ಬರ್ತೀವಿ. ನೀವೂ ನನ್ನ ಮೊದಲ ಸಲ ನೋಡಿದಂಗ ಇರ್ರಿ.”

“ಅಷ್ಟ ಅಲಾ? ಇರ್ತೀನಿ.”

“ಇನ್ನೊಂದೈತ್ರಿ.” ಅವರು ಕನ್ನಡಕ ತೆಗೆದು ಒರೆಸಿದರು. “ನಮ್ಮಾಯಿ ಕನ್ಯಾಕ್ಕ ಮೂರು ಬಾಯಿಲೆಕ್ಕ ಕೇಳ್ತಾಳ. ನಮ್ಮವ್ವಗೂ ಕೇಳಿದ್ಲಂತ. ಹಿಂದ ನನಗ ನೋಡಿದ ಇಬ್ಬರನ್ನೂ ಲೆಕ್ಕಾ ಬರಲಿಲ್ಲಂತ ಬಿಟ್ಟು ಬಂದ್ಲು. ಇಪ್ಪತ್ತರೊಳಗಿನ ಗುಣಾಕಾರ, ಭಾಳ ಏನಿಲ್ಲ.”

ಭಾಳ ಏನಿಲ್ಲವಂತೆ! ನನ್ನ ಕಿವಿ ಗುಂಯ್ ಅನ್ನತೊಡಗಿತು.

ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಮಾಸ್ತರು ನನ್ನನ್ನು ಎಬ್ಬಿಸಿ ಏಳೆಂಟ್ಲೆ ಎಷ್ಟು ಎಂದು ಕೇಳಿದ್ದರು. ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಬೆತ್ತ ತೋರಿಸಿ ಮತ್ತೆ ಮತ್ತೆ ಕೇಳಿದರು. ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡೆ. ಇಡೀ ವರ್ಗ ನಕ್ಕಿತು. ಅವತ್ತಿನಿಂದ ಯಾರಾದರೂ ಮಗ್ಗಿ ಕೇಳಿದರೆ ನನ್ನ ಅಂಗೈ ಬೆವರುತ್ತದೆ, ಕಣ್ಣ ಮುಂದೆ ಆ ಬೆತ್ತ ಬರುತ್ತದೆ. ಎಳೆ ಎಣಿಸುತ್ತೇನೆ, ಸಾವಿರ ಎಳೆ ಬೇಕಾದರೂ ತಪ್ಪದೆ ಎಣಿಸುತ್ತೇನೆ. ಗುಣಾಕಾರ ಮಾತ್ರ ನನ್ನ ಕೈಲಿ ಆಗುವುದಿಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ, ಲಂಗದ ವಿಷಯವನ್ನೂ. ಹೆತ್ತವ್ವನಿಗೂ ಹೇಳಿರಲಿಲ್ಲ.

ಅವರು ನಗಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಯ ಕಡೆ ನೋಡಿದರು.

“ಕೂಡಿಸೂದು, ವಜಾ ಮಾಡೂದು ಬರತೈತಿಲ್ರಿ?”

“ಅದು ಬರತೈತಿ.”

“ಹಂಗಾರ ಗುಣಿಸೂದು ಬ್ಯಾಡ. ನಿಮ್ಮ ಹೊಲಿಗಿ ಸಾಕು. ಏಳು ಎಂಟು ಕೂಡಿಸ್ರಿ.”

“ಹದಿನೈದು.”

“ಎಂಟರಾಗ ಏಳು ವಜಾ?”

“ಒಂದು.”

“ನಿಮ್ಮ ಅಂಚಿನ್ಯಾಗ ಹದಿನೈದನೇ ಅಂಕಿಗೆ ಎಷ್ಟು ಬರತೈತಿ?”

ಬಟ್ಟೆ ಬಿಚ್ಚಿ ಎಣಿಸಿದೆ. “ಐವತ್ತಾರು.”

“ಒಂದಕ್ಕ?”

“ಸೊನ್ನಿ. ನೀವ ಹೇಳಿದ್ರಲ್ಲ.”

“ಐವತ್ತಾರರಾಗ ಸೊನ್ನಿ ವಜಾ ಮಾಡ್ರಿ.”

ಐವತ್ತಾರು. ಏಳೆಂಟ್ಲೆ ಐವತ್ತಾರು. ನನಗೆ ಅಳು ಬಂದುಬಿಟ್ಟಿತು. ಬಸ್ಸಿನಲ್ಲಿ ಯಾರು ನೋಡಿದರು, ಯಾರು ಬಿಟ್ಟರು, ಅವತ್ತು ಮಾತ್ರ ನಾನು ಬಾಗಿಲ ಕಡೆ ನೋಡಲಿಲ್ಲ.

“ಯಾವ ಎರಡು ಅಂಕಿ ಆದ್ರೂ ಹಿಂಗ ಬರತೈತಿ,” ಅಂದರು. “ಕೂಡಿಸಿದ್ದರದ್ದು ನೋಡ್ರಿ, ವಜಾ ಮಾಡಿದ್ದರದ್ದು ನೋಡ್ರಿ, ದೊಡ್ಡದರಾಗ ಸಣ್ಣದು ತಗೀರಿ.”

ಕಣ್ಣೊರೆಸಿಕೊಂಡ ಮೇಲೆ ನನಗೆ ಹೊಸ ದಿಗಿಲು ಹತ್ತಿತು. “ಮತ್ತ ಆ ಬಿಟ್ಟ ಪಾವು? ಹದಿನೈದಕ್ಕ ಚಿಲ್ಲರೆ ಉಳೀತು, ಬಿಟ್ಟಿವಿ. ಆದ್ರೂ ಉತ್ತರ ಸರಿ ಹ್ಯಾಂಗ ಬಂತು? ಆ ಪಾವು ಎಲ್ಲಿ ಹೋತು?”

ಅವರ ಕಣ್ಣು ಮಿನುಗಿದವು. ಮಾಸ್ತರ ಬುದ್ಧಿ ಎಲ್ಲಿ ಹೋಗಬೇಕು! “ಅದನ್ನ ನಾ ಹೇಳೂದಿಲ್ಲ. ನಿಮಗ ಸಿಗತೈತಿ. ಸಿಕ್ಕ ದಿನ ನನಗ ಹೇಳ್ರಿ.”

ಸಿಗಲಿಲ್ಲ. ಹುಡುಕಲು ಪುರುಸೊತ್ತೂ ಇರಲಿಲ್ಲ. ಗೊತ್ತಿಲ್ಲದೆ ಬಿಟ್ಟದ್ದು ಎಲ್ಲೋ ಒಂದು ಕಡೆ ಎದುರು ಬಂದು ನಿಲ್ಲುತ್ತದೆ ಎಂಬ ಹೆದರಿಕೆ ಮಾತ್ರ ಉಳಿಯಿತು.

ಇಪ್ಪತ್ತೆರಡು ದಿನ ಕೂತು ಒಂದು ಇಳಕಲ್ಲ ಸೀರೆಯ ಸೆರಗಿನ ಅಂಚಿಗೆ ನಲವತ್ತು ಮನೆ ಹಾಕಿದೆ. ನೂರಕ್ಕೆ ಒಂದು ಹೂವು, ಹತ್ತಕ್ಕೆ ಒಂದು ಎಲೆ, ಒಂದಕ್ಕೆ ಒಂದು ಚುಕ್ಕೆ. ಹದಿನೈದನೆಯ ಮನೆಯಲ್ಲಿ ಐದು ಎಲೆ, ಆರು ಚುಕ್ಕೆ. ಹುಡುಕಲು ಸುಲಭವಾಗಲೆಂದು ಐದೈದು ಮನೆಗೊಮ್ಮೆ ಕೆಂಪು ದಾರ. ಒಂದನೆಯ ಮನೆಗೆ ಬರೀ ನಾಲ್ಕು ಗೆರೆ, ಒಳಗೆ ಖಾಲಿ.

ಅವ್ವ ಅನ್ನಪೂರ್ಣವ್ವ ಸೆರಗು ಹರವಿ ಮೂಗು ಮುರಿದಳು. “ಇದೆಂಥಾ ಡಿಸೈನ್ ಲೇ? ಗೋಪುರಿಲ್ಲ, ನವಿಲಿಲ್ಲ. ಮೊದಲನೇ ಮನೀನ ಖಾಲಿ ಬಿಟ್ಟೀ. ನೋಡಿದವ್ರು ಏನಂದಾರು?”

“ಈಗಿನ ಫ್ಯಾಶನ್ ಬೇ,” ಅಂದೆ. ಸುಳ್ಳು ಹೇಳುವಾಗ ನನಗೆ ಯಾವಾಗಲೂ ಬಿಕ್ಕಳಿಕೆ ಬರುತ್ತದೆ. ಬಂತು.

ವೀರು ಒಂದು ಧೈರ್ಯ ಹೇಳಿದ್ದರು. ಆಯಿಯ ಕಣ್ಣಿಗೆ ಪೊರೆ ಬಂದಿದೆ, ಎದುರಿಗೆ ಕೂತವರ ಆಕಾರ ಬಿಟ್ಟು ಏನೂ ಕಾಣುವುದಿಲ್ಲ, ಸೆರಗು ನೋಡಿಕೊಂಡು ಹೇಳಿದರೆ ಗೊತ್ತಾಗುವುದಿಲ್ಲ ಎಂದು. “ನೀವು ಪಕ್ಕದಾಗ ಇರ್ತೀರಿಲ್ಲ, ಏನರೆ ಆದ್ರ ಸಂಭಾಳಿಸ್ರಿ,” ಅಂದಿದ್ದೆ. ಅದಕ್ಕೆ ಅವರು ತಲೆ ಕೆಳಗೆ ಹಾಕಿದ್ದರು. “ಎಂಬತ್ತು ಹುಡುಗರ ಮುಂದ ನಿಂತು ಪಾಠಾ ಮಾಡ್ತೀನ್ರಿ. ಆಯಿ ಮುಂದ ನನ್ನ ದನೀನ ಹೊಂಡೂದಿಲ್ಲ.”

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದರು. ಆಯಿ, ವೀರು, ಅವರ ಅಪ್ಪ ಅವ್ವ. ನಮ್ಮಪ್ಪ ಉಳವಪ್ಪ ಇಸ್ತ್ರಿ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದರು. “ಬರ್ರಿ, ಕುಂಡ್ರಿ,” ಎಂದು ಮೂರು ಮೂರು ಸಲ ಹೇಳಿದರು. ನಾನು ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬಂದಾಗ ಚಮಚಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು.

ವೀರು ನನ್ನನ್ನು ನೋಡಿದರು. ಮೊದಲ ಸಲ ನೋಡಿದವರ ಹಾಗೆ ನೋಡಬೇಕಿತ್ತು. ಎಂಟು ತಿಂಗಳ ನೋಟ ನೋಡಿಬಿಟ್ಟರು. ನಾನು ಕಣ್ಣು ಕೆಳಗೆ ಹಾಕಿದೆ. “ಹುಡುಗಿ ನಾಚಿಕಿ ಸ್ವಭಾವದಾಕಿ,” ಅಂದರು ಅವರವ್ವ. ನಾಚಿಕೆ ಎಲ್ಲಿಂದ ಬರಬೇಕು, ಗುರುತು ಬಯಲಾದೀತು ಎಂಬ ಹೆದರಿಕೆ.

ಗುರುಸಿದ್ದವ್ವ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ದೇಹ, ಹಣೆ ತುಂಬ ವಿಭೂತಿ, ಬಿಳಿಚಿದ ಕಣ್ಣು. ಉಪ್ಪಿಟ್ಟು ಮುಟ್ಟಲಿಲ್ಲ.

“ತಂಗಿ, ಹದಿನೇಳು ಹದಿನಾಕ್ಲೆ ಎಷ್ಟು?”

ಒಂದು ಕುಶಲ ಇಲ್ಲ, ಹೆಸರು ಕೇಳಲಿಲ್ಲ. ನನ್ನ ಕಿವಿಯಲ್ಲಿ ಆ ಗುಂಯ್ ಸದ್ದು ಶುರುವಾಯಿತು. ಬೆತ್ತ ಬಂತು. ವರ್ಗದ ನಗು ಬಂತು. ಹದಿನೇಳು, ಹದಿನಾಲ್ಕು ಎಂದು ಎರಡು ಸಲ ಒಳಗೇ ಹೇಳಿಕೊಂಡೆ. ಕೂಡಿಸಿದರೆ ಮೂವತ್ತೊಂದು. ವಜಾ ಮಾಡಿದರೆ ಮೂರು. ಸೆರಗಿನ ಅಂಚನ್ನು ಬೆರಳಲ್ಲಿ ಸರಿಸಿದೆ. ಆರನೆಯ ಕೆಂಪು ಮನೆ ಮೂವತ್ತು, ಅದರ ಮುಂದಿನದು. ಎರಡು ಹೂವು, ನಾಲ್ಕು ಎಲೆ, ಚುಕ್ಕೆ ಇಲ್ಲ. ಮತ್ತೆ ಈ ತುದಿಗೆ ಬಂದು ಮೂರನೆಯ ಮನೆ. ಎರಡು ಚುಕ್ಕೆ.

“ಇನ್ನೂರಾ ಮೂವತ್ತೆಂಟು,” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಹೂಂ. ಹದಿನೆಂಟು ಹನ್ನೆರಡ್ಲೆ?”

ಮೂವತ್ತು ಮತ್ತು ಆರು. ಎರಡು ಹೂವು, ಎರಡು ಎಲೆ, ಐದು ಚುಕ್ಕೆ. ಅದರಲ್ಲಿ ಒಂಬತ್ತು ಹೋಗಬೇಕು. “ಇನ್ನೂರಾ ಹದಿನಾರು.”

ಅಪ್ಪನ ಮುಖ ಅರಳಿತು. ಅವ್ವ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಉಳಿದಿದೆ, ಇನ್ನೊಂದೇ ಒಂದು ಎಂದು ಮತ್ತೆ ಮೊದಲನೆಯ ಮನೆಯ ಮೇಲೆ ಬೆರಳಿಟ್ಟೆ. ಆಗ ಆಯಿ ಕೈ ಚಾಚಿದಳು.

“ಇಲ್ಲಿ ಬಾ. ನನ್ನ ಮಗ್ಗಲದಾಗ ಕುಂಡರು.”

ಹೋಗಿ ಕೂತೆ.

“ಲೆಕ್ಕಾ ಮಾಡಾಕಿ ಬೆರಳು ಮಡಚ್ತಾಳ, ಇಲ್ಲಾ ತುಟಿಯಾಗ ಮಣಮಣ ಅಂತಾಳ. ನಿನ್ನ ಕೈಯಾನ ಬಳಿ ಸಪ್ಪಳ ಆ ತುದಿಗೆ ಹೋತು, ಈ ತುದಿಗೆ ಬಂತು. ಎರಡು ಸಲಾನೂ. ಏನ್ ಹುಡುಕಾಕತ್ತಿದ್ದೆವ್ವಾ?”

ನಾನು ಸೆರಗು ಮಡಿಲಿಗೆ ಎಳೆದುಕೊಂಡೆ. ಆಕೆಯ ಕೈ ನನ್ನ ಮಣಿಕಟ್ಟು ಹಿಡಿದು, ಬಳೆ ಸವರಿ, ಸೆರಗಿಗೆ ಬಂತು. ಹೆಬ್ಬೆರಳು ಅಂಚಿನ ಮೇಲೆ ನಿಧಾನ ನಡೆಯಿತು. ಆಕೆಯೂ ಒಂದು ಕಾಲದಲ್ಲಿ ಕಸೂತಿ ಹಾಕಿದವಳು ಎಂದು ಆ ಬೆರಳು ಎಳೆ ಹುಡುಕುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಮೊದಲನೇ ಮನಿ ಖಾಲಿ. ಎರಡನೇದ್ದಕ್ಕ ಒಂದು. ಮೂರಕ್ಕ ಎರಡು. ಆಮ್ಯಾಲೆ ನಾಕು. ಆರು. ಒಂಬತ್ತು. ಹನ್ನೆರಡು.” ಹೆಬ್ಬೆರಳು ನಿಂತಿತು. “ಕಸೂತಿ ಹಾಕೋರು ಯಾರೂ ಖಾಲಿ ಮನಿಯಿಂದ ಶುರು ಮಾಡೂದಿಲ್ಲ. ಇದು ಕಸೂತಿ ಅಲ್ಲ. ಇದು ಏನು?”

ಈಗಿನ ಫ್ಯಾಶನ್ ಅನ್ನಬಹುದಿತ್ತು. ಬಿಕ್ಕಳಿಕೆ ಗಂಟಲಲ್ಲಿ ಸಿದ್ಧವಾಗಿತ್ತು. ವೀರು ಅವರ ಕಡೆ ನೋಡಿದೆ. ಅವರು ಚಹದ ಕಪ್ಪು ಹಿಡಿದಿದ್ದರು, ಕಪ್ಪು ತಟ್ಟೆಯ ಮೇಲೆ ಸಣ್ಣಗೆ ಕಟಕಟ ಅನ್ನುತ್ತಿತ್ತು. ಇವರಿಂದ ಆಗುವುದಿಲ್ಲ ಅಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು. ಇವತ್ತು ಸುಳ್ಳು ಹೇಳಿ ಈ ಮನೆಗೆ ಹೋದರೆ ದಿನಾ ಈ ಕೈಗೆ ಅಂಜಿಕೊಂಡು ಬಾಳಬೇಕು.

“ನನಗ ಗುಣಾಕಾರ ಬರೂದಿಲ್ರಿ ಅಮ್ಮಾರ. ಸಣ್ಣಾಕಿದ್ದಾಗಿಂದ ಅಂಜಿಕಿ. ಅದಕ್ಕ ಇದನ್ನ ಹೊಲಕೊಂಡೀನಿ. ಕೂಡಿಸಿದ್ದು ಒಮ್ಮಿ ನೋಡ್ತೀನಿ, ವಜಾ ಮಾಡಿದ್ದು ಒಮ್ಮಿ ನೋಡ್ತೀನಿ, ದೊಡ್ಡದರಾಗ ಸಣ್ಣದು ತಗೀತೀನಿ.”

“ಲೇ ಶೈಲಾ!” ಎಂದರು ಅಪ್ಪ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಯಿ 'ಸುಮ್ಮನಿರ್ರಿ' ಎಂಬಂತೆ ಅಪ್ಪನ ಕಡೆ ಕೈ ಎತ್ತಿದಳು. ಆಕೆಯ ತುಟಿ ಅಲ್ಲಾಡುತ್ತಿತ್ತು. ಬೆರಳು ಮೂವತ್ತೊಂದನೆಯ ಮನೆ ಹುಡುಕಿ ಹಿಡಿಯಿತು.

“ನಾಕಕ್ಕ ನಾಕು, ಆರಕ್ಕ ಒಂಬತ್ತು, ಅಂದ್ರ ನಾಕು ನಾಕ್ಲೆ, ಆರು ಆರ್ಲೆ ಬಂದಿದ್ದರ ಪಾವು. ಮೂವತ್ತೊಂದು ಮೂವತ್ತೊಂದ್ಲೆ ಒಂಬೈನೂರಾ ಅರವತ್ತೊಂದು. ಅದರ ಪಾವು ಇನ್ನೂರಾ ನಲವತ್ತೂಕಾಲು. ನೀ ಇನ್ನೂರಾ ನಲವತ್ತು ಹೊಲದೀ. ನಲವತ್ತು ವರ್ಷ ಕಾಳು ಅಳದೀನಿ, ಒಂದು ಪಾವು ನೆಲಕ್ಕ ಬಿಟ್ಟಾಕಿ ಅಲ್ಲ ನಾನು. ನೀ ಪಾವು ಬಿಟ್ಟೀ, ಆದ್ರೂ ನಿನ್ನ ಲೆಕ್ಕಾ ತಪ್ಪಲಿಲ್ಲ. ಆ ಪಾವು ಎಲ್ಲಿ ಹೋತು?”

ಬಂತಲ್ಲ! ಯಾವ ಮಾತಿಗೆ ಹೆದರಿದ್ದೆನೋ ಅದೇ ಮಾತು. ವೀರು ತಲೆ ಎತ್ತಿದರು. ಉತ್ತರ ಅವರಿಗೆ ಗೊತ್ತಿತ್ತು, ಅವರ ಕಣ್ಣಲ್ಲಿ ಕಾಣುತ್ತಿತ್ತು. ಬಾಯಿ ಬಿಟ್ಟರೆ ನಮ್ಮ ಗುರುತು ಬಯಲಾಗುತ್ತಿತ್ತು. ನಾನು ಸೆರಗಿನ ಮೇಲೆ ಬೆರಳಿಟ್ಟೆ. ಮೂವತ್ತೊಂದಕ್ಕೆ ಪಾವು ಬಿಟ್ಟಿದ್ದೆ. ಇನ್ನೊಂದು ತುದಿಯಲ್ಲಿ ಮೂರು. ಮೂರು ಮೂರ್ಲೆ ಒಂಬತ್ತು, ಅದರ ಪಾವು ಎರಡೂಕಾಲು, ನಾನು ಎರಡು ಹೊಲಿದಿದ್ದೆ. ಅಲ್ಲೂ ಒಂದು ಪಾವು ಬಿಟ್ಟಿದ್ದೆ! ಹದಿನೆಂಟು ಹನ್ನೆರಡಕ್ಕೆ ನೋಡಿದೆ, ಮೂವತ್ತು, ಆರು. ಅಲ್ಲಿ ಎರಡೂ ಕಡೆ ಚಿಲ್ಲರೆಯೇ ಇರಲಿಲ್ಲ. ಏಳೆಂಟ್ಲೆಗೆ ಹದಿನೈದು ಮತ್ತು ಒಂದು. ಎರಡೂ ಕಡೆ ಪಾವು. ಆ ಖಾಲಿ ಮನೆಯೂ ಸುಮ್ಮನೆ ಖಾಲಿಯಾಗಿರಲಿಲ್ಲ, ಅದೂ ತನ್ನ ಪಾವು ಬಿಟ್ಟು ಖಾಲಿಯಾಗಿತ್ತು.

“ಎಲ್ಲೂ ಹೋಗಿಲ್ರಿ,” ಅಂದೆ. ಕಣ್ಣಲ್ಲಿ ನೀರು ಬರುತ್ತಿತ್ತು. “ಒಂದು ಕಡೆ ಬಿಟ್ಟರ ಇನ್ನೊಂದು ಕಡೇನೂ ಅಷ್ಟ ಬಿಟ್ಟಿರ್ತೀವಿ. ಒಂದು ಕಡೆ ಬಿಡಲಿಲ್ಲಂದ್ರ ಇನ್ನೊಂದು ಕಡೇನೂ ಇಲ್ಲ. ವಜಾ ಮಾಡೂಮುಂದ ಪಾವಿಗೆ ಪಾವು ಹೋಗಿಬಿಡತೈತಿ. ಯಾರಿಗೂ ಕಮ್ಮಿ ಬೀಳೂದಿಲ್ರಿ.”

ಆಯಿಯ ಹೆಬ್ಬೆರಳು ಆ ಖಾಲಿ ಮನೆಯ ನಾಲ್ಕು ಗೆರೆಗಳನ್ನು ಸುತ್ತುತ್ತಿತ್ತು.

“ಇದು ಕಲತ ಮಾಸ್ತರನ ತಲಿ,” ಎಂದಳು ಕೊನೆಗೆ. “ನಿನಗ ಕಲಿಸಿದವರು ಯಾರು?”

ಎಲ್ಲ ಮುಗಿಯಿತು ಅಂದುಕೊಂಡೆ. ಯಾರ ಹೆಸರು ಹೇಳಲಿ? ಒಂದು ಸುಳ್ಳು ಹೆಸರೂ ನೆನಪಿಗೆ ಬರುತ್ತಿಲ್ಲ. ಮುಂಡರಗಿಯ ಆ ಮನೆ, ನಾನು ನೋಡದ ಆ ಮನೆ, ಕಣ್ಣ ಮುಂದೆ ಬಂತು.

ಚಹದ ಕಪ್ಪು ನೆಲಕ್ಕೆ ಇಟ್ಟ ಸದ್ದು ಕೇಳಿಸಿತು.

“ನಾನು, ಆಯಿ.”

ದನಿ ಒಡೆದಿತ್ತು, ಆದರೆ ಹೊರಗೆ ಬಂದಿತ್ತು. ವೀರು ಎದ್ದು ನಿಂತಿದ್ದರು. ಕಿವಿ ಮೊದಲ ದಿನದ ಹಾಗೇ ಕೆಂಪಗಾಗಿದ್ದವು.

“ನಾ ಕಲಿಸೀನಿ. ಎಂಟು ತಿಂಗಳಾತು. ಗದಗಿನ ಬಸ್ಸಿನ್ಯಾಗ ಗುರುತಾತು. ಆಕೀದೇನೂ ತಪ್ಪಿಲ್ಲ. ತಿಪ್ಪವ್ವನ ಕಡಿಂದ ಹೇಳಿಸಿದ್ದೂ ನಾನ. ನಾ ಆಕಿನ್ನ ಬಿಟ್ಟು ಬ್ಯಾರೆ ಯಾರನ್ನೂ ಮಾಡಿಕೊಳ್ಳೂದಿಲ್ಲ. ನಿನಗ ಅಂಜಿ ಇಷ್ಟು ದಿನ ಬಾಯಿ ಮುಚಗೊಂಡಿದ್ದೆ.”

ಅವರಪ್ಪ ತಲೆ ಹಿಡಿದುಕೊಂಡರು. ನಮ್ಮಪ್ಪ ಗೋಡೆ ನೋಡುತ್ತಿದ್ದರು. ಆಯಿಯ ಕೈ ನನ್ನ ಸೆರಗು ಬಿಡಲಿಲ್ಲ.

“ಎರಡು ಲೆಕ್ಕಾ ಆದವು,” ಅಂದಳು. “ಮೂರನೇದ್ದು ಉಳೀತು. ಅದು ಈಕಿಗಲ್ಲ, ನಿನಗ.”

“ಕೇಳು ಆಯಿ.”

“ನಿಮ್ಮ ದೊಡ್ಡಪ್ಪನ ಫೋನ್ ನಂಬರ ಎಷ್ಟು?”

ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತದ ಮಾತು. ವೀರು ಅಪ್ಪನ ಮುಖ ನೋಡಿದರು, ಅವ್ವನ ಮುಖ ನೋಡಿದರು, ಆಮೇಲೆ ಹತ್ತು ಅಂಕಿಗಳನ್ನು ಎಲ್ಲೂ ತಡೆಯದೆ ಹೇಳಿದರು.

“ಕಂಠಪಾಠ ಐತಿ,” ಎಂದಳು ಆಯಿ. “ಹಂಗಾರ ನೀ ಮಾತಾಡಾಕತ್ತೀ.”

“ಹೌದು. ಪ್ರತಿ ಅಮಾಸಿಗೆ. ನಿನ್ನ ಕಣ್ಣು ಹ್ಯಾಂಗದಾವು ಅಂತ ಕೇಳ್ತಾನ.”

ಆಯಿಯ ಗಲ್ಲ ಅದುರಿತು. “ನಾ ಅವನ್ನ ಬಿಟ್ಟೆ, ಅವ ನನ್ನ ಬಿಟ್ಟ. ಇಷ್ಟು ವರ್ಷ ಅವಂದ ತಪ್ಪು ಅಂತಿದ್ದೆ,” ಎಂದಳು ನನ್ನ ಕಡೆ ತಿರುಗಿ, ನನಗೊಬ್ಬಳಿಗೇ ಹೇಳುವಂತೆ. “ಹಚ್ಚು ಫೋನ್.”

ವೀರು ಎರಡು ಸಲ ತಪ್ಪು ಅಂಕಿ ಒತ್ತಿದರು. ಮೂರನೆಯ ಸಲ ಹತ್ತಿತು. ಆಯಿ ಮೊಬೈಲನ್ನು ಕಿವಿಗೆ ಹಿಡಿದಳು. ಆ ಕಡೆಯಿಂದ ಒಂದು ಗಂಡಸಿನ ದನಿ “ಹಲೋ, ವೀರು?” ಅನ್ನುತ್ತಿತ್ತು.

“ವೀರು ಅಲ್ಲ. ನಾನು,” ಎಂದಳು. “ಅಳಬ್ಯಾಡ. ಕೇಳು. ಹುಡುಗನ ಮದುವಿ ಐತಿ. ಇಬ್ಬರೂ ಬರ್ರಿ. ಆಕಿನ್ನ ಬಿಟ್ಟು ಒಬ್ಬನ ಬಂದ್ರ ಒಳಗ ಬಿಡೂದಿಲ್ಲ.”

ಅವ್ವ ಬಾಗಿಲ ಹಿಂದೆ ಗೊಳೋ ಎಂದು ಅತ್ತುಬಿಟ್ಟಳು. ಅಪ್ಪ ಆಕೆಗೆ ಸುಮ್ಮನಿರಲು ಸನ್ನೆ ಮಾಡಿ ತಾವೇ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ನನ್ನನ್ನು ಬೈಯುವುದು ಬಹಳ ಇತ್ತು ಎಂದು ಮುಖದಲ್ಲಿ ಬರೆದಿತ್ತು. ಆಮೇಲೆ ಬೈದರು ಕೂಡ, ಮೂರು ದಿನ. ಮುಂಡರಗಿಗೆ ಮಾತ್ರ ಅವತ್ತೇ ಇಲ್ಲ ಎಂದು ಹೇಳಿ ಕಳಿಸಿದರು.

ಆಯಿ ಆಮೇಲೆ ಉಪ್ಪಿಟ್ಟು ತಿಂದಳು. ಉಪ್ಪು ಕಡಿಮೆ ಆಗಿದೆ ಅಂದಳು. ಗಾಬರಿಯಲ್ಲಿ ನಾನು ಉಪ್ಪು ಹಾಕಿಯೇ ಇರಲಿಲ್ಲ.

ಅವರು ಹೊರಟಾಗ ಎಲ್ಲರೂ ಅಂಗಳಕ್ಕೆ ಇಳಿದರು. ಪಡಸಾಲೆಯ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆಪ ಮಾಡಿ ವೀರು ಹಿಂದೆ ಉಳಿದರು. ಯಾರಾದರೂ ನೋಡಿಯಾರು ಎಂದು ನಾನು ಬಾಗಿಲ ಕಡೆ ನೋಡಿದೆ, ಎಂಟು ತಿಂಗಳ ರೂಢಿ.

“ಪಾವು ಸಿಕ್ಕಿತಲ್ರಿ,” ಅಂದರು ಮೆಲ್ಲಗೆ. “ಸಿಕ್ಕ ದಿನ ನನಗ ಹೇಳ್ರಿ ಅಂದಿದ್ದೆ. ಊರಿಗೆಲ್ಲ ಹೇಳಿಬಿಟ್ರಿ.”

“ನಿಮ್ಮ ದನಿ ಹೊಂಡೂದಿಲ್ಲ ಅಂದಿದ್ರಿ. ಅದೂ ಊರಿಗೆಲ್ಲ ಕೇಳಿಸ್ತು.”

ನಕ್ಕರು. ಆಮೇಲೆ ನನ್ನ ಸೆರಗಿನ ಅಂಚು ಹಿಡಿದು ಆ ಖಾಲಿ ಮನೆಯ ಮೇಲೆ ಬೆರಳಿಟ್ಟರು.

“ಅಂಜಿಕಿ ಹೋತೇನು?”

“ಎಲ್ಲಿ ಹೋಗತೈತ್ರಿ. ಇನ್ನೂ ಒಂದು ಪಾವು ಐತಿ,” ಅಂದೆ. “ನಿಮಗ?”

“ನನಗೂ ಅಷ್ಟ ಐತಿ.”

“ಖರೇನ?”

“ಖರೇನ.”

“ಹಂಗಾರ ವಜಾ ಆತು ಬಿಡ್ರಿ,” ಅಂದೆ. ಹೊರಗಿನಿಂದ ಆಯಿ ಕೂಗುತ್ತಿದ್ದಳು. ಅವರು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಓಡಿದರು.